ಒಂಬತ್ತನೇ ಹೆಜ್ಜೆ

ನೃತ್ಯಶಾಲೆಯ ಮೇಷ್ಟ್ರಿಗೆ ಈಚೆಗೆ ಕಣ್ಣು ಕಾಣುವುದಿಲ್ಲ ಎಂಬುದು ಅವರ ಹೆಂಡತಿಯೊಬ್ಬಳಿಗೇ ಗೊತ್ತಿದ್ದ ಗುಟ್ಟು. ಇಂದು ನೃತ್ಯ ಸಂಘದ ಪರೀಕ್ಷಕಿ ಬಂದು ಕೂತಿದ್ದರು. ಅವರು ರುಜು ಹಾಕಿದರೆ ಶಾಲೆ ಉಳಿಯುತ್ತದೆ, ಇಲ್ಲವಾದರೆ ಬಾಗಿಲಿಗೆ ಬೀಗ. ಕಣ್ಣಿಲ್ಲದವರು ಕಲಿಸುವ ಹಾಗಿಲ್ಲ ಎಂಬುದು ಸಂಘದ ನಿಯಮ.

ಪರೀಕ್ಷೆಯ ಸುದ್ದಿ ಬಂದು ವಾರವಾಗಿತ್ತು. ಕೈಕಟ್ಟಿ ಕೂರುವ ಹೆಂಗಸಲ್ಲ ಹೆಂಡತಿ. ಕಿಟಕಿಯಿಂದ ಎದುರು ಗೋಡೆಗೆ ಹದಿನಾಲ್ಕು ಹೆಜ್ಜೆ ಎಂದು ಅಳೆದು ಗಂಡನಿಗೆ ಬಾಯಿಪಾಠ ಮಾಡಿಸಿದ್ದಳು.

ಮೊದಲು ವಾಲ್ಟ್ಸ್. ಹಳ್ಳಿಯ ಜನ ಸುತ್ತುತ್ತಿದ್ದ ಈ ಕುಣಿತ ಅರಮನೆ ಸೇರಿದಾಗ, ಗಂಡು ಹೆಣ್ಣು ಎಲ್ಲರೆದುರು ಹೀಗೆ ಅಪ್ಪಿಕೊಳ್ಳುವುದೇ ಎಂದು ದೊಡ್ಡವರು ಮೂಗು ಮುರಿದಿದ್ದರಂತೆ. ಇಂದು ಆ ಅಪ್ಪುಗೆಯೇ ಇವಳಿಗೆ ಆಸರೆ. ವಾಲ್ಟ್ಸ್ ತಿರುಗುತ್ತಲೇ ಇರುವುದರಿಂದ ಸುತ್ತಿಗೊಮ್ಮೆ ಅವಳ ಕಣ್ಣಿಗೂ ದಾರಿ ಸಿಗುತ್ತಿತ್ತು. ಗೋಡೆ ಹತ್ತಿರವಾದರೆ ಗಂಡನ ಹೆಗಲು ಒತ್ತುತ್ತಿದ್ದಳು. ಮೂರರ ಎಣಿಕೆ ತಪ್ಪದೆ ಮುಗಿಯಿತು.

"ಪಾದ ಸರಿಯಾಗಿ ಕಾಣ್ತಿಲ್ಲ," ಎಂದು ಪರೀಕ್ಷಕಿ ಗೋಡೆಬದಿಯ ಕುರ್ಚಿಯನ್ನು ಎಳೆದುಕೊಂಡು ಮುಂದಕ್ಕೆ ಬಂದು ಕೂತರು. "ಈಗ ಟ್ಯಾಂಗೋ ಆಗ್ಲಿ."

ಹೆಂಡತಿ ಕಣ್ಣಲ್ಲೇ ದೂರ ಅಳೆದಳು. ಟ್ಯಾಂಗೋ ಸುತ್ತುವುದಿಲ್ಲ, ಬೆಕ್ಕಿನ ಹಾಗೆ ನೆಟ್ಟಗೆ ನಡೆಯುತ್ತದೆ. ಗಂಡಸು ಮುಂದಕ್ಕೆ, ಹೆಂಗಸು ಹಿಂದಕ್ಕೆ. ಅವಳ ಬೆನ್ನಿಗೆ ಕಣ್ಣಿಲ್ಲ, ಗಂಡನಿಗೆ ಕಣ್ಣಿದ್ದೂ ಇಲ್ಲ. ಬಾಯಿಪಾಠ ಮಾಡಿದ ಹದಿನಾಲ್ಕು ಹೆಜ್ಜೆಯಲ್ಲಿ ಕುರ್ಚಿಯವರೆಗೆ ಈಗ ಉಳಿದದ್ದು ಒಂಬತ್ತು.

"ಕುರ್ಚಿ ದಾರೀಲೇ ಇದೆ ಕಣ್ರೀ," ಎಂದು ಪಿಸುಗುಟ್ಟಿದಳು. "ಇಬ್ರೂ ಹೋಗಿ ಅವ್ರ ತೊಡೆ ಮೇಲೆ ಕೂರ್ತೀವಿ ಅಷ್ಟೇ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೇಡಂ, ಟ್ಯಾಂಗೋ ಹುಟ್ಟಿದ ಬಂದರಿನ ಕೇರೀಲಿ ಗಂಡಸ್ರು ಗಂಡಸ್ರ ಜೊತೇನೇ ಅಭ್ಯಾಸ ಮಾಡ್ತಿದ್ರಂತೆ. ಎರಡೂ ಕಡೆ ಹೆಜ್ಜೆ ಬಂದ್ರೇನೇ ಕಲಿತ ಹಾಗೆ. ನಾವು ಅದಲುಬದಲಾಗಿ ತೋರಿಸ್ತೀವಿ." ಆಮೇಲೆ ಅವಳ ಕಿವಿಯಲ್ಲಿ, "ನಂಗೀಗ ಹಿಂದೂ ಮುಂದೂ ಒಂದೇ. ನೀನು ನಡೆಸು," ಎಂದರು.

ಅವಳು ನಡೆಸಿದಳು. ಕುರ್ಚಿಯ ಕಾಲು, ಅದರ ಪಕ್ಕದ ಚೀಲ, ಆಚೆಯ ಕಂಬ, ಎಲ್ಲವೂ ಗಂಡನ ಬೆನ್ನಿಗೇ ನುಗ್ಗಿ ಬರುತ್ತಿದ್ದವು. ಅವರೋ ನಿಶ್ಚಿಂತೆಯಿಂದ ಹಿಂದಡಿ ಇಡುತ್ತಿದ್ದರು. ಏಳು, ಎಂಟು. ಅವಳ ಅಂಗೈ ಬೆವೆತು ಜಾರಿತು. ಒಂಬತ್ತಕ್ಕೆ ಪಕ್ಕಕ್ಕೆ ತಿರುಗಿಸಿದಾಗ ಅವರ ಹಿಮ್ಮಡಿ ಚೀಲಕ್ಕೆ ತಾಗಿಯೂ ತಾಗದಂತೆ ಸರಿದುಹೋಯಿತು.

ಪರೀಕ್ಷಕಿ ರುಜು ಹಾಕಿದರು. ಹೊರಡುವಾಗ ಕುರ್ಚಿಯನ್ನು ತಾವೇ ಎತ್ತಿ, ಮೊದಲಿದ್ದ ಜಾಗದಲ್ಲೇ ಇಟ್ಟರು. "ಇದು ಇನ್ಮೇಲೆ ಇಲ್ಲೇ ಇರ್ಲಿ," ಎಂದು ಹೆಂಡತಿಯ ಮುಖವನ್ನೊಮ್ಮೆ ನೋಡಿ ಹೋದರು.

ಬಾಗಿಲು ಮುಚ್ಚಿದ್ದೇ ಹೆಂಡತಿ ನೆಲದ ಮೇಲೆ ಕುಸಿದು ಕೂತಳು. ಮೂವತ್ತು ವರ್ಷ ಗಂಡನ ತೋಳಲ್ಲಿ ಹಿಂದುಹಿಂದಕ್ಕೇ ಹೆಜ್ಜೆ ಇಟ್ಟಿದ್ದಳು, ಒಂದು ದಿನವೂ ಹೆದರಿರಲಿಲ್ಲ.

"ಇಷ್ಟು ಭಯ ಇಟ್ಕೊಂಡು ಅಷ್ಟು ವರ್ಷ ನನ್ನನ್ನ ಹೇಗ್ರೀ ನಡೆಸಿದ್ರಿ?"

ಮೇಷ್ಟ್ರು ತಡಕಾಡಿ ಅವಳ ಪಕ್ಕದಲ್ಲಿ ಕೂತರು. "ನನ್ನನ್ನೇ ನಂಬಿ ನೀನು ಒಂದ್ಸಲಾನೂ ಹಿಂದೆ ತಿರುಗಿ ನೋಡ್ಲಿಲ್ವಲ್ಲ. ಅದ್ಕೇ ಕಣೇ ಭಯ ಆಗ್ತಿದ್ದದ್ದು."