ಹೇರಿದ್ದು, ತುಂಬಿದ್ದು

ಆ ವರ್ಷ ಮರಿಬಸಪ್ಪನವರಿಗೆ ಎಲ್ಲಿ ಕೂತರೂ ತೂಕಡಿಕೆ ಬರುತ್ತಿತ್ತು. ಬಳ್ಳಾರಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅವರು ದುಭಾಷಿ. ಸಾಕ್ಷಿಗಳು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ತಂಜಾವೂರು ಕಡೆಯ ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕು, ಅವರು ಕೇಳಿದ್ದನ್ನು ಸಾಕ್ಷಿಗಳಿಗೆ ಹೇಳಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿ ನಾಲಿಗೆ ಸವೆದಿತ್ತು. ಮನೆಗೆ ಹೋದರೆ ಕಾಲು ಚಾಚಲು ಜಾಗವಿರಲಿಲ್ಲ. ತುಂಗಭದ್ರಾ ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ರಜಾಕಾರರ ಹಾವಳಿ ಎದ್ದಾಗ, ಹೆಂಡತಿ ಚನ್ನವೀರಮ್ಮನ ತಂಗಿ ಜಡೆಮ್ಮ ಮಕ್ಕಳು, ಅತ್ತೆ, ಮೈದುನರನ್ನು ಕಟ್ಟಿಕೊಂಡು ಓಡಿಬಂದಿದ್ದಳು. ಗಲಾಟೆ ಅಡಗಿ ತಿಂಗಳುಗಳಾಗಿದ್ದರೂ ಸುಟ್ಟ ಮನೆಗೆ ಹಿಂದಿರುಗುವುದು ಹೇಗೆ? ಕೆಲವರನ್ನು ಕುರುಗೋಡಿನ ತವರಿಗೆ ಕಳಿಸೋಣವೆಂದರೆ ಅಲ್ಲಿಯೂ ಕಟ್ಟೆಯ ಮೇಲೆಲ್ಲ ಇಂಥವರೇ ಮಲಗಿದ್ದರು. ಮರಿಬಸಪ್ಪನವರು ಬಾಗಿಲ ಪಕ್ಕದ ಜಗಲಿಯಲ್ಲಿ ಮುದುರಿಕೊಳ್ಳುತ್ತಿದ್ದರು. ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಾಗುವಷ್ಟು ತ್ರಾಣವೂ ಇರಲಿಲ್ಲ.

ಆಗಲೇ ಹುಲುಗಪ್ಪನ ಮೊಕದ್ದಮೆ ಬಂತು. ಹುಲುಗಪ್ಪ ಸಿರುಗುಪ್ಪದ ಹತ್ತಿರ ತುಂಗಭದ್ರೆಯಲ್ಲಿ ಹರಗೋಲು ಹಾಕುವ ಅಂಬಿಗ. ಶ್ರಾವಣದ ತುಂಬು ಹೊಳೆಯಲ್ಲಿ, ಆಚೆ ದಡದಿಂದ ಓಡಿಬಂದವರನ್ನು ದಾಟಿಸುವಾಗ ಅವನ ಹರಗೋಲು ಮಗುಚಿ ಒಬ್ಬ ಮುದುಕಿಯೂ ಅವಳ ಸೊಸೆಯೂ ಸತ್ತಿದ್ದರು. ಮಿತಿಮೀರಿ ಜನರನ್ನು ಹೇರಿ ಸಾವಿಗೆ ಕಾರಣನಾದ ಎಂಬುದು ಅವನ ಮೇಲಿನ ಆಪಾದನೆ.

ಮ್ಯಾಜಿಸ್ಟ್ರೇಟರು ಕೇಳಿದ ಪ್ರಶ್ನೆಯನ್ನು ಮರಿಬಸಪ್ಪನವರು ಕನ್ನಡಕ್ಕೆ ತಂದರು. ಹರಗೋಲು ತಾಳದಷ್ಟು ಮಂದಿಯನ್ನು ಹೇರಿದೆಯಾ ಎಂದು ಕೇಳಿದರು. ಹುಲುಗಪ್ಪ ಕಟಕಟೆಯ ಕಂಬಿ ಹಿಡಿದುಕೊಂಡ. ಆಮೇಲೆ ಹೇಳಿದ.

"ತುಂಬಿಬಿಟ್ಟಿತ್ರೀ ಸಾಮಿ. ತಾಳಲಿಲ್ಲ."

ಮಧ್ಯಾಹ್ನದ ಬಿಸಿಲು, ಕಣ್ಣಿಗೆ ಜೊಂಪು. ಮರಿಬಸಪ್ಪನವರ ಬಾಯಿಗೆ ಸಲೀಸಾಗಿ ಬಂದದ್ದು ಓವರ್‌ಲೋಡ್ ಎಂಬ ಮಾತು. ನಾನು ಹರಗೋಲನ್ನು ಓವರ್‌ಲೋಡ್ ಮಾಡಿದೆ ಎನ್ನುತ್ತಾನೆ ಎಂದು ಹೇಳಿ ಮುಗಿಸಿದರು. ಸರಕಾರಿ ವಕೀಲರು ತಪ್ಪೊಪ್ಪಿಕೊಂಡನಲ್ಲ ಎಂದು ನಿರಾಳವಾಗಿ ಕೂತರು. ವಿಚಾರಣೆ ಮರುದಿನಕ್ಕೆ ಹೋಯಿತು.

ಸಂಜೆ ಊಟಕ್ಕೆ ಕೂತಾಗ, ಬೇಸರ ಕಳೆಯಲೆಂದು ಅವರು ಮೊಕದ್ದಮೆಯ ಸಂಗತಿ ಹೇಳಿದರು. ರೊಟ್ಟಿ ಬಡಿಯುತ್ತಿದ್ದ ಜಡೆಮ್ಮನ ಕೈ ನಿಂತಿತು. ತಾನು ದಾಟಿದ್ದು ಬೇರೆ ದಿನ, ಬೇರೆ ಅಂಬಿಗನ ಹರಗೋಲಿನಲ್ಲಿ ಎಂದಳು. ಅವನು ಗಳ ಅಡ್ಡ ಹಿಡಿದು ತಡೆಯುತ್ತಿದ್ದನಂತೆ. ಇವಳು ಅದರಡಿ ನುಸುಳಿ ಹತ್ತಿದ್ದಳಂತೆ.

"ನಮ್ಮನ್ನ ಯಾರು ಹೇರತಾರ ಭಾವ? ಬೆನ್ನಿಂದ ಊರು ಉರಿಯಾಕ ಹತ್ತಿತ್ತು. ಅಂವ ಬ್ಯಾಡ ಬ್ಯಾಡ ಅಂದ, ನಾವಾ ಹತ್ತಿ ಕುಂತ್ವಿ."

ಮರಿಬಸಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಹುಲುಗಪ್ಪ ಹೇರಿದೆ ಅಂದಿರಲೇ ಇಲ್ಲ. ತುಂಬಿತ್ತು ಅಂದಿದ್ದ. ಹೇರಬೇಕಾದರೆ ಹೇರುವವನೊಬ್ಬ ಇರಬೇಕು. ತುಂಬುವುದಕ್ಕೆ ಯಾರ ಕೈಯೂ ಬೇಡ. ಕನ್ನಡದ ಮಗುವಿಗೂ ಗೊತ್ತಿರುವ ಈ ಅಂತರವನ್ನು ನಿದ್ದೆಗಣ್ಣಿನಲ್ಲಿ ನುಂಗಿ, ಅವನ ಬಾಯಿಗೆ ಅವನದಲ್ಲದ ಮಾತು ಇಟ್ಟಿದ್ದರು.

ಮರುದಿನ ಕೋರ್ಟು ಶುರುವಾಗುತ್ತಲೇ ಎದ್ದುನಿಂತು, ನಿನ್ನೆಯ ಮಾತನ್ನು ತಿದ್ದಬೇಕಾಗಿದೆ ಎಂದರು. ಮ್ಯಾಜಿಸ್ಟ್ರೇಟರಿಗೆ ರೇಗಿತು. ದುಭಾಷಿಗೆ ದಿನಕ್ಕೊಂದು ಬಾಯಿ ಇದ್ದರೆ ನ್ಯಾಯ ಹೇಗೆ ನಡೆದೀತು ಎಂದು ತುಂಬಿದ ಕೋರ್ಟಿನಲ್ಲೇ ಗದರಿದರು. ಹೇಗೆ ಹೇಳಿದರೇನು, ಮುಳುಗಿದ್ದು ಮುಳುಗಿತಲ್ಲ ಎಂದರು ಸರಕಾರಿ ವಕೀಲರು. ಮರಿಬಸಪ್ಪನವರು ಕಿವಿಯೆಲ್ಲ ಕೆಂಪಾಗಿ ನಿಂತೇ ಇದ್ದರು. ತಪ್ಪು ತನ್ನದು, ಆತನದಲ್ಲ, ಇನ್ನೊಮ್ಮೆ ಕೇಳಬೇಕು ಎಂದು ಬೇಡಿಕೊಂಡರು. ಕೊನೆಗೆ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕೇಳಿ ಎಂದರು.

ಈ ಸಲ ಹುಲುಗಪ್ಪ ವಿವರವಾಗಿ ಹೇಳಿದ. ಎಂಟು ಮಂದಿಗೆ ಸಾಕು, ಮತ್ತೆ ಬರುತ್ತೇನೆ ಎಂದು ಕೂಗಿದ್ದು, ಜನ ನೀರಿಗಿಳಿದು ಹರಗೋಲಿನ ಅಂಚು ಹಿಡಿದದ್ದು, ಊರ ಕಡೆಯಿಂದ ಬಂದೂಕಿನ ಸದ್ದು ಕೇಳಿದ್ದು. ಮರಿಬಸಪ್ಪನವರು ಒಂದೊಂದು ಮಾತನ್ನೂ ತೂಗಿ ಇಂಗ್ಲಿಷಿಗೆ ದಾಟಿಸಿದರು.

ಸಾವಿಗೆ ಕಾರಣನೆಂಬ ಆಪಾದನೆ ಬಿದ್ದುಹೋಯಿತು. ಮಿತಿಮೀರಿ ಜನರನ್ನು ಸಾಗಿಸಿದ್ದಕ್ಕೆ ಆ ದಿನದ ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕೆಂಬ ಸಜೆಯಾಯಿತು, ಹರಗೋಲಿನ ಪರವಾನಗಿ ರದ್ದಾಯಿತು. ಹುಲುಗಪ್ಪ ಗೋಡೆಗೊರಗಿ ನೆಲದ ಮೇಲೆ ಕೂತು ಬೇರೆಯವರ ಮೊಕದ್ದಮೆಗಳನ್ನು ಸಂಜೆಯವರೆಗೂ ಕೇಳಿದ.

ಕೋರ್ಟು ಎದ್ದ ಮೇಲೆ ಮರಿಬಸಪ್ಪನವರೇ ಅವನನ್ನು ಸಿರುಗುಪ್ಪದ ಬಸ್ಸಿನವರೆಗೆ ಕರೆದೊಯ್ದರು. ದಾರಿಯಲ್ಲಿ ಅಂಗಡಿಯಲ್ಲಿ ಮಂಡಕ್ಕಿ ಕೊಡಿಸಿದರು. ಅವನು ತಿನ್ನದೆ ಟವೆಲ್ಲಿನ ತುದಿಗೆ ಕಟ್ಟಿಕೊಂಡ. ಬಸ್ಸಿನ ನೆರಳಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ನೆಲ ನೋಡುತ್ತ ಹೇಳಿದ.

"ನೀವು ಹೇಳಿದ್ದು ಖರೇನ ಐತ್ರಿ ಸಾಮಿ. ಆದ್ರ ಒಂದು ಕೂಸು ಇತ್ತು. ಅದರವ್ವ ಎದಿಮಟ ನೀರಾಗ ನಿಂತು ಎತ್ತಿ ಹಿಡಿದಿದ್ಲು. ಅದನ್ನ ಮಾತ್ರ ನಾನಾ ಕೈ ಚಾಚಿ ತಗೊಂಡೆ."

ಮರಿಬಸಪ್ಪನವರೂ ಅವನ ಪಕ್ಕದಲ್ಲಿ ಕೂತರು. ಹುಲುಗಪ್ಪ ಮುಂದುವರಿಸಿದ.

"ಕೂಸು ಒಳಗ ಬಂದ ಮ್ಯಾಲ ತಾಯಿ ಹೊರಗ ನಿಂದರತಾಳೇನ್ರಿ? ಅತ್ತೀನ ಎಳಕೊಂಡು ಹತ್ತಿದ್ಲು. ಅವರಿಬ್ರಾ ಹೋದದ್ದು. ಕೂಸು ನನ್ನ ಹೆಗಲಮ್ಯಾಗ ಇತ್ತು, ಉಳೀತು."

"ಇದನ್ನ ಯಾಕ ಹೇಳಲಿಲ್ಲೋ?"

"ಯಾರೂ ಕೇಳಲಿಲ್ಲಲ್ರೀ."

ಕೂಸು ಈಗ ಎಲ್ಲಿದೆ ಎಂದು ವಿಚಾರಿಸಿದರು. ಸೋದರಮಾವ ಬಂದು ಒಯ್ದನೆಂದ. ಬಸ್ಸು ಹೊರಟಿತು. ಮರಿಬಸಪ್ಪನವರಿಗೆ ಒಳ್ಳೆಯದು ಮಾಡಿದೆನೆಂಬ ಸಮಾಧಾನವೂ ಉಳಿಯಲಿಲ್ಲ, ಮಾಡಬಾರದಿತ್ತು ಎಂದೂ ಅನಿಸಲಿಲ್ಲ. ಬರೀ ಆಯಾಸವಾಗಿತ್ತು.

ಸುಗ್ಗಿಯ ಹೊತ್ತಿಗೆ ಜಡೆಮ್ಮನ ಮನೆಗೆ ಹೊಸ ಮಾಳಿಗೆ ಹಾಕಿಸಿಯಾಯಿತು. ಅವರನ್ನು ಕಳಿಸಲು ಮರಿಬಸಪ್ಪನವರು ಸಿರುಗುಪ್ಪದ ಹೊಳೆದಂಡೆಯವರೆಗೂ ಹೋದರು. ಹರಗೋಲು ಹಾಕುತ್ತಿದ್ದವನು ಗಾದೆಪ್ಪನೆಂಬ ಬೇರೊಬ್ಬ. ಹುಲುಗಪ್ಪನ ಸುದ್ದಿ ಕೇಳಿದರೆ, ಅವನು ಈಗ ನೀರಿನ ಕಡೆ ಸುಳಿಯುವುದಿಲ್ಲ, ಜೋಳದ ಹೊಲಗಳಲ್ಲಿ ಕೂಲಿ ಮಾಡುತ್ತಾನೆ, ಹೊಳೆಯಾಚೆಯ ಆ ಕೂಸಿಗೆಂದು ಆಗಾಗ ಯಾರ ಕೈಯಲ್ಲಾದರೂ ಬೆಲ್ಲ ಕಳಿಸುತ್ತಾನೆ ಎಂದ. ಅರ್ಧ ಮಂದಿ ಕೂತ ಮೇಲೆ ಗಾದೆಪ್ಪ ಸಾಕೆಂದ. ಜಡೆಮ್ಮನ ಮೈದುನರು ಗೊಣಗದೆ ದಡದಲ್ಲೇ ನಿಂತರು. ಮರಿಬಸಪ್ಪನವರೂ ಒಂದು ಗಂಟಿನ ಮೇಲೆ ಕೂತು, ಖಾಲಿ ಹರಗೋಲು ತಿರುಗಿ ಬರುವುದನ್ನು ಅವರ ಜೊತೆಗೆ ಕಾದರು.