ಸಿಂಹದ ಕಟಿಂಗ್

ಮೇಷ್ಟರ ಬಲಗಿವಿಯ ಹಿಂದೆ ಕತ್ತರಿ ಆಡುತ್ತಿದ್ದಾಗ, ಮನೆಗೂ ಕ್ಷೌರದ ಅಂಗಡಿಗೂ ನಡುವೆ ಇದ್ದ ಬಾಗಿಲನ್ನು ಮೂತಿಯಿಂದ ನೂಕಿಕೊಂಡು ಒಂದು ಸಿಂಹ ಒಳಗೆ ಬಂತು.

ಮೊದಲು ಕಂಡವನು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಬೇಕರಿಯವನು. ಓದುತ್ತಿದ್ದ ಪೇಪರು ಅವನ ಕೈಯಿಂದ ಜಾರಿ ಬಿತ್ತು. "ಅಯ್ಯಯ್ಯಪ್ಪಾ! ಇದ್ಯಾವ ಕಾಡಿಂದ ಬಂತು!" ಎಂದು ಗೋಡೆಗೆ ಅಂಟಿಕೊಂಡ.

ಅದು ಕಂಬಳಿ, ಅಂಗಡಿಯವನ ಮನೆಯ ಮುದಿ ನಾಯಿ. ಮೈತುಂಬ ದಟ್ಟ ಕಂದು ಕೂದಲು ಹೊದ್ದುಕೊಂಡಿದ್ದ ಮರಿಯನ್ನು ಬೀದಿಯಿಂದ ಎತ್ತಿ ತಂದ ದಿನ ಅವನ ಹೆಂಡತಿ ಇಟ್ಟ ಹೆಸರು ಅದು. ಈಗ ಕಂಬಳಿಯ ಮೈಮೇಲೆ ಕಂಬಳಿ ಇರಲಿಲ್ಲ. ಬೆನ್ನು, ಹೊಟ್ಟೆ, ತೊಡೆ ಎಲ್ಲ ನುಣ್ಣಗೆ. ಕುತ್ತಿಗೆಯ ಸುತ್ತ ಮಾತ್ರ ಬಾಚಿ ಉಬ್ಬಿಸಿದ ಕೇಸರ. ಪಾದಗಳಿಗೆ ಬೂಟು ಹಾಕಿದ ಹಾಗೆ ಒಂದೊಂದು ಕುಚ್ಚು. ಬಾಲದ ತುದಿಗೊಂದು ಗೊಂಡೆ. ಅರ್ಧ ಹಲ್ಲು ಉದುರಿದ ಆ ಸಿಂಹ ತನ್ನ ಎಂದಿನ ಗತ್ತಿನಲ್ಲಿ ನಡೆದು ಬಂದು ಕನ್ನಡಿಯ ಮುಂದೆ ನಿಂತಿತು.

ಆ ಅಂಗಡಿಯ ಕನ್ನಡಿಗಳು ಎದುರುಬದುರು. ಮುಂದೆ ಒಂದು ಸಿಂಹ ಕಂಡಿತು, ಕಂಬಳಿ ಬೊಗಳಿತು. ಹಿಂದೆ ತಿರುಗಿದರೆ ಅಲ್ಲೊಂದು, ಅದರ ಬೆನ್ನಿಗೆ ಇನ್ನೊಂದು, ಅದರಾಚೆ ಒಂದು ಹಿಂಡೇ. ಬೊಗಳನ್ನು ಅರ್ಧಕ್ಕೇ ನುಂಗಿ, ಕುಂಯ್ ಎಂದು, ಅಡಗಲು ಬೇರೆ ಜಾಗ ಕಾಣದೆ ಮೇಷ್ಟರಿಗೆ ಹೊದಿಸಿದ್ದ ಬಟ್ಟೆಯೊಳಗೆ ನುಗ್ಗಿತು. ಮೇಷ್ಟರು ಕೂತಲ್ಲೇ ಹಾರಿಬಿದ್ದರು. ಒಂದು ಗಳಿಗೆ ಬಿಟ್ಟು ನೋಡಿದರೆ ಅವರ ಮೊಣಕಾಲುಗಳ ನಡುವಿನಿಂದ ಕೇಸರದ ಸಮೇತ ಒಂದು ಮುಖ ಇಣುಕುತ್ತಿತ್ತು.

"ನೋಡಯ್ಯಾ, ನನ್ನ ಗಡ್ಡ ಎಲ್ಲೀವರೆಗೆ ಬೆಳೆದುಬಿಟ್ಟಿದೆ!" ಎಂದರು ಮೇಷ್ಟರು.

ಬೇಕರಿಯವನು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಹೊರಳಿದ. ಆದರೆ ಎಲ್ಲರಿಗಿಂತ ಹೆಚ್ಚು ನಕ್ಕವನು ಅಂಗಡಿಯವನೇ. ಕತ್ತರಿ ಕೆಳಗಿಟ್ಟು, ಕನ್ನಡಿಯ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಹೆಂಡತಿ ತೀರಿಕೊಂಡ ಮೇಲೆ ಅವನು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಹೈಸ್ಕೂಲು ಮುಗಿಸುತ್ತಿರುವ ಹುಡುಗಿ. ಕೈಗೆ ಸಿಕ್ಕಿದ್ದನ್ನು ಇದ್ದ ಹಾಗೆ ಬಿಡುವ ಜಾತಿಯಲ್ಲ. ರಟ್ಟಿನ ಪೆಟ್ಟಿಗೆ ಸಿಕ್ಕಿದರೆ ಕೋಟೆ, ಹರಿದ ಛತ್ರಿ ಸಿಕ್ಕಿದರೆ ಬಾವಲಿ, ಅಪ್ಪನ ಸೋಪಿನ ನೊರೆ ಸಿಕ್ಕಿದರೆ ಕನ್ನಡಿಯ ಮೇಲೊಂದು ಹಿಮದ ಬೆಟ್ಟ. ಈಗ ಅವಳ ತೋಳಿಗೆ, ಮೂಗಿಗೆ, ಹುಬ್ಬಿಗೆಲ್ಲ ಕಂದು ಕೂದಲು ಮೆತ್ತಿತ್ತು. ಕೈಯಲ್ಲಿ ಕೂದಲು ತೆಗೆಯುವ ಹಳೆಯ ಮೆಷೀನು.

"ಅಪ್ಪಾ, ಬೈಬೇಡ. ಸೆಕೆಗೆ ಪಾಪ ನಾಲಿಗೆ ಚಾಚ್ಕೊಂಡು ಬಿದ್ದಿತ್ತು. ಹೊಸ ಮೆಷೀನು ಮುಟ್ಟಿಲ್ಲ, ದೇವರಾಣೆ. ನೀನು ಬಿಸಾಕಿದ್ದೆಯಲ್ಲ, ಅದರಲ್ಲೇ ಮಾಡಿದ್ದು."

"ಬಿಸಾಕಿದ್ದರಲ್ಲಾ?" ಎಂದು ಅವನು ಬಗ್ಗಿ ನಾಯಿಯನ್ನು ಹೊರಗೆಳೆದುಕೊಂಡ. ಕೇಸರ ಮುಗಿದು ಮೈ ಶುರುವಾಗುವ ಕಡೆ ಹೆಬ್ಬೆರಳು ಇಟ್ಟು ಹಿಂದಕ್ಕೆ ಸವರಿದ. ಉದ್ದ ಕೂದಲು ಸಣ್ಣದಾಗಿ, ಸಣ್ಣದು ಇನ್ನೂ ಸಣ್ಣದಾಗಿ, ಎಲ್ಲಿ ಮುಗಿಯಿತು ಎಂದು ಬೆರಳಿಗೆ ತಿಳಿಯಲಿಲ್ಲ. ಎಲ್ಲೂ ಮೆಟ್ಟಿಲು ಬಿದ್ದಿರಲಿಲ್ಲ. ಮೊಂಡು ಮೆಷೀನಿನಲ್ಲಿ, ಅಲುಗಾಡುವ ನಾಯಿಯ ಮೇಲೆ. ಆ ಬಗೆಯ ಇಳಿಜಾರು ಅವನ ಕೈಯಿಂದ ಹೊರಟು ಎಷ್ಟೋ ಕಾಲವಾಗಿತ್ತು.

"ಯಾರು ಹೇಳಿಕೊಟ್ಟದ್ದು?"

"ಯಾರು ಹೇಳಿಕೊಡ್ತಾರೆ? ಬಾಗಿಲ ಸಂದೀಲಿ ನಿಂತು ನಿನ್ನೇ ನೋಡ್ತಿದ್ದೆ."

ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಕೆಲಸದವನು ಬಿಟ್ಟು ಹೋದ ಮೇಲೆ ಎರಡನೆಯದು ಖಾಲಿ. ಅದನ್ನು ನನಗೆ ಕೊಡು ಎಂದು ಮಗಳು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನೀನು ಓದು. ಊರವರ ಕೂದಲು ನನ್ನೊಬ್ಬನಿಗೇ ಸಾಕು." ಈಗ ನಾಯಿಯ ಮೈಮೇಲಿನ ಬೆರಳನ್ನು ತೆಗೆಯದೆ ಅವನು ಒಂದು ಕ್ಷಣ ಆ ಕುರ್ಚಿಯ ಕಡೆ ನೋಡಿದ. ಬೇಕರಿಯವನು ಆಗ ಬಾಯಿ ಮುಚ್ಚಿಕೊಂಡಿದ್ದರೆ ಆ ಹೊತ್ತು ಬೇರೆಯಾಗುತ್ತಿತ್ತೋ ಏನೋ. ನಾಲಿಗೆಗೆ ಎಲುಬಿಲ್ಲ.

"ಅಣ್ಣಾ, ಇನ್ನು ಮೇಲೆ ನನ್ನ ತಲೆ ಇವಳಿಗೇ ಬಿಟ್ಟುಬಿಡು," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಹೋದ ಸಲ ನೀನು ಮಾಡಿದ್ದು ನೋಡಿ ನನ್ನ ಹೆಂಡ್ತಿ, ಮಲಗಿದ್ದಾಗ ಇಲಿ ಏನಾದ್ರೂ ಕಡೀತಾ ಅಂತ ಕೇಳಿದ್ಳು!"

ಮೇಷ್ಟರು ನಗಲಿಲ್ಲ. ಅಂಗಡಿಯವನಿಗೆ ಅದೇ ಹೆಚ್ಚು ಚುಚ್ಚಿತು. "ಸುಮ್ನಿರಯ್ಯಾ," ಎಂದರು ಮೆಲ್ಲಗೆ. "ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ."

ಅಂಗಡಿಯವನ ನಗು ಮುಖದ ಮೇಲೇ ಒಣಗಿತು. ಬಲಗೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು.

ಆ ಕೈಯ ಸುದ್ದಿ ತನಗೂ ದೇವರಿಗೂ ಬಿಟ್ಟು ಮೂರನೆಯವರಿಗೆ ತಿಳಿಯದೆಂದು ಅವನು ನಂಬಿದ್ದ. ಹೆಂಡತಿಯನ್ನು ಮಣ್ಣಿಗಿಟ್ಟು ಬಂದ ವರ್ಷವೇ ಬೆರಳು ಅದುರತೊಡಗಿತು. ಮೊದಲು ಸಂಜೆ ಮಾತ್ರ, ಆಮೇಲೆ ಮಧ್ಯಾಹ್ನವೂ. ಅವನು ಮಣಿಕಟ್ಟನ್ನು ಗಿರಾಕಿಯ ಹೆಗಲಿಗೆ ಆನಿಸಿಕೊಂಡು ಕತ್ತರಿ ಆಡಿಸುವುದನ್ನು ಕಲಿತ. ಕತ್ತಿಯಲ್ಲಿ ಗಡ್ಡ ಹೆರೆಯುವುದನ್ನು, ಬ್ಲೇಡು ಸರಿಯಿಲ್ಲ ಎಂದು, ನಿಲ್ಲಿಸಿದ. ಬೆಳಿಗ್ಗೆ ಅಂಗಡಿಯ ಷಟರು ಎತ್ತುವ ಮೊದಲು ಅದರ ಮುಂದೆ ಕಣ್ಮುಚ್ಚಿ ನಿಂತು, "ದೇವರೇ, ಇವತ್ತೊಂದು ದಿನ ಕೈ ಗಟ್ಟಿಯಾಗಿಡು" ಎಂದು ಬೇಡಿಕೊಳ್ಳುತ್ತಿದ್ದ. ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಕೈ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ತಾನು ಯಾರು ಎಂಬುದು ಅವನಿಗೆ ತಿಳಿದಿರಲಿಲ್ಲ.

ಅಪ್ಪನ ಮುಖ ಕಂದಿದ್ದನ್ನು ಮಗಳು ಕಂಡಳು. ಅವನ ಪಕ್ಷ ವಹಿಸಿ ಮಾತಾಡಲೇಬೇಕು ಎನಿಸಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬೇಕರಿಯವನಿಗೆ ದಬಾಯಿಸಿದಳು: "ನೀವು ಕತ್ತಲಾದ ಮೇಲೆ ಬಂದು ಕೂತ್ರೆ ಇನ್ನೇನಾಗತ್ತೆ ಅಣ್ಣಾ? ಬೆಳಿಗ್ಗೆ ಬನ್ನಿ. ಬೆಳಿಗ್ಗೆ ನಮ್ಮಪ್ಪನ ಕೈ ಅಷ್ಟೇನೂ ನಡುಗಲ್ಲ. ದಿನಾ ನನ್ನ ಜಡೆ ಹಾಕ್ತಾರಲ್ಲ, ನನಗೆ ಕುತ್ತಿಗೇಲೇ ಗೊತ್ತಾಗತ್ತೆ."

ಪ್ರೀತಿಯಿಂದ ಆಡಿದ ಮಾತು. ಅದರಲ್ಲಿ ಎಳ್ಳಷ್ಟೂ ವಿಷವಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಜಡೆಯ ಸಂಗತಿ ನಿಜ. ತಾಯಿ ಹೋದ ಮೇಲೆ ಮಗಳ ತಲೆ ಬಾಚಿದವನು ಅವನೇ. ಊರವರ ಕೂದಲು ಕತ್ತರಿಸಿಯೇ ಅಭ್ಯಾಸವಾಗಿದ್ದ ಕೈಗೆ ಹೆಣೆಯುವುದು ಬರುತ್ತಿರಲಿಲ್ಲ. ಮೊದಮೊದಲು ಜಡೆ ಸೊಟ್ಟಗೆ ಹೆಗಲ ಕಡೆ ಓಡುತ್ತಿತ್ತು. "ಅಪ್ಪಾ, ಇದು ಜಡೆಯಲ್ಲ, ಹಳಿ ತಪ್ಪಿದ ರೈಲು," ಎಂದು ಅವಳು ನಗುತ್ತಿದ್ದಳು. ಬರಬರುತ್ತ ನೇರವಾಯಿತು. ಸೊಂಟದವರೆಗೆ ಇಳಿಯುವ, ಅವಳ ತಾಯಿಯಂಥದೇ ಕೂದಲು. ಅದರ ತುದಿಗೂ ಅವನು ಕತ್ತರಿ ಮುಟ್ಟಿಸಿರಲಿಲ್ಲ. ದಿನದ ಮೊದಲ ಕೆಲಸ ಅದು. ಅದಾದ ಮೇಲೆಯೇ ಅಂಗಡಿ. ಆ ಹೊತ್ತಿನಲ್ಲೆಲ್ಲ ಅವಳು ಬೆನ್ನು ಕೊಟ್ಟು ಕೂತು ಅಪ್ಪನ ಬೆರಳುಗಳ ನಡುಕದ ಲೆಕ್ಕ ಇಡುತ್ತಿದ್ದಳು ಎಂಬುದು ಅವನಿಗೆ ಈಗ ತಿಳಿಯಿತು.

"ಬಾ," ಎಂದ. ಎರಡನೆಯ ಕುರ್ಚಿಯ ಧೂಳನ್ನು ಟವೆಲಿನಿಂದ ಹೊಡೆದ. "ಕೂತ್ಕೋ."

ಅವಳ ಮುಖ ಅರಳಿತು. "ನಿಜವಾಗ್ಲೂ? ಈ ಕುರ್ಚಿ ನನಗೇನಾ?"

"ಕೂತ್ಕೋ ಅಂದೆ."

ಅವಳು ಹಾರಿ ಕೂತು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದಳು. ಅವನು ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದ. ಅವಳು ಕನ್ನಡಿಯಲ್ಲಿ ಬೇಕರಿಯವನಿಗೆ ಹಲ್ಲು ತೋರಿಸಿ, ಬಟ್ಟೆಯೊಳಗೇ ಎರಡು ಕೈಯನ್ನೂ ಪಂಜದ ಹಾಗೆ ಎತ್ತಿ, "ನನ್ನನ್ನೂ ಸಿಂಹ ಮಾಡ್ತೀಯಾಪ್ಪಾ?" ಎಂದು ಗರ್ಜಿಸಿದಳು. ಬೇಕರಿಯವನು ನಕ್ಕ. ಮೇಷ್ಟರೂ ಈ ಸಲ ನಕ್ಕರು, ವಾತಾವರಣ ತಿಳಿಯಾಯಿತೆಂದು ಭಾವಿಸಿ.

"ನಾಯಿಗೆ ಆದದ್ದು ನಿನಗೂ ಆಗಲಿ," ಎಂದು ಅವನು ಎಡಗೈಯಲ್ಲಿ ಜಡೆಯನ್ನು ಬುಡದಲ್ಲಿ ಹಿಡಿದ.

ಕತ್ತರಿ ದಪ್ಪ ಜಡೆಯಲ್ಲಿ ಒಂದೇ ಏಟಿಗೆ ಹೋಗುವುದಿಲ್ಲ, ಅಗಿಯಬೇಕು. ಅವಳಿಗೆ ಇನ್ನೂ ತಮಾಷೆಯೆಂದೇ ಇತ್ತು. ಶಬ್ದ ಕೇಳಿದ ಮೇಲೂ ನಗು ಸ್ವಲ್ಪ ಹೊತ್ತು ಮುಖದ ಮೇಲಿತ್ತು. ಜಡೆ ನೆಲಕ್ಕೆ ಬಿದ್ದು ತಲೆ ಹಗುರವಾದಾಗ ಅದು ಹೋಯಿತು. ಕೈಯನ್ನು ಬಟ್ಟೆಯೊಳಗಿನಿಂದ ತೆಗೆಯಲು ನೋಡಿದಳು. ಅವನು ಹೆಗಲು ಒತ್ತಿ ಹಿಡಿದ.

"ಅಲುಗಾಡಬೇಡ. ಅಲುಗಾಡಿದ್ರೆ ಕೆಡತ್ತೆ. ನಾಯಿಗೆ ಹೇಳ್ಲಿಲ್ವಾ ನೀನು?"

ಕೈ ನಡುಗುತ್ತಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಬೇಡಿಕೊಂಡದ್ದನ್ನು ದೇವರು ಆ ಹೊತ್ತಿಗೆ ಕೊಟ್ಟಿದ್ದ. ಅದು ಅವನ ಗಮನಕ್ಕೆ ಬಂತು, ಬಂದು ಸಂತೋಷವೂ ಆಯಿತು. ಕತ್ತರಿಯನ್ನು ಎತ್ತಿ ಹಿಡಿದು ತಿರುಗಿದ. "ನೋಡಿ ಮೇಷ್ಟ್ರೇ. ಚೆನ್ನಾಗಿ ನೋಡಿ. ನಡುಗ್ತಿದೆಯಾ?"

ಮೇಷ್ಟರು ಕನ್ನಡಿಯಿಂದ ಕಣ್ಣು ತೆಗೆದರು.

"ಏನೋ ತಮಾಷೆಗೆ ಅಂದೆ ಅಣ್ಣಾ," ಎಂದ ಬೇಕರಿಯವನು. "ಬಿಡು ಸಾಕು. ಹೆಣ್ಣು ಹುಡುಗಿ..."

ಅಂಗಡಿಯವನು ಹೊಸ ಮೆಷೀನನ್ನು ಹಚ್ಚಿದ. ಹಣೆಯಿಂದ ಹಿಂದಕ್ಕೆ ಒಂದು ಸಾಲು, ಅದರ ಪಕ್ಕಕ್ಕೆ ಇನ್ನೊಂದು. ಮಗಳು ಈಗ ಅಲುಗಾಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಕನ್ನಡಿಯಲ್ಲಿ ಅವನ ಮುಖವನ್ನಲ್ಲ, ಮೆಷೀನು ಹೋಗುವ ದಾರಿಯನ್ನು ನೋಡುತ್ತಿದ್ದಳು, ಬಾಗಿಲ ಸಂದಿಯಿಂದ ನೋಡುತ್ತಿದ್ದ ಹಾಗೆಯೇ. ಕಿವಿಯ ಹಿಂದೆ ಬರುವಾಗ ಅವನ ಸಿಟ್ಟು ಇಳಿಯಿತು. ಸಿಟ್ಟು ಇಳಿದದ್ದೇ ತಡ, ಮಣಿಕಟ್ಟಿನಲ್ಲಿ ಆ ನಡುಕ ಮತ್ತೆ ಎದ್ದಿತು. ಮೆಷೀನು ಜಾರಿ ಬುರುಡೆಯ ಮೇಲೊಂದು ಬಿಳಿ ಗೆರೆ ಬಿತ್ತು. ಅದನ್ನು ಸರಿಮಾಡಲು ಹೋಗಿ ಇನ್ನೊಂದು. ಆನಿಸಿಕೊಳ್ಳಲು ಅವಳ ಹೆಗಲಿನ ಮೇಲೆ ಮಣಿಕಟ್ಟು ಇಟ್ಟ. ಹೆಗಲೂ ಅದರ ಜೊತೆಗೆ ಅಲುಗಿತು. ಆ ಪುಟ್ಟ ಅಂಗಡಿಯಲ್ಲಿ ಅದನ್ನು ಕಾಣದವರು ಯಾರೂ ಇರಲಿಲ್ಲ.

"ಎಡಗಡೆ ಮೆಟ್ಟಿಲು ಬಿತ್ತು," ಎಂದಳು ಅವಳು. ದನಿಯಲ್ಲಿ ಏನೂ ಇರಲಿಲ್ಲ.

ಅವನು ಮೆಷೀನು ಆರಿಸಿದ.

ಮೇಷ್ಟರು ಎದ್ದರು. ತಮ್ಮ ಕುತ್ತಿಗೆಯ ಗಂಟನ್ನು ತಾವೇ ಬಿಚ್ಚಿ, ಬಟ್ಟೆಯನ್ನು ಕುರ್ಚಿಯ ಕೈಗೆ ಹಾಕಿದರು. ಒಂದು ಕಡೆ ಒಪ್ಪವಾಗಿ, ಇನ್ನೊಂದು ಕಡೆ ಕಿವಿ ಮುಚ್ಚುವಷ್ಟು ಕೂದಲು. "ಮೇಷ್ಟ್ರೇ, ಇನ್ನೂ ಅರ್ಧ..." ಎಂದ ಅವನು. ಅವರು ಅದೇ ತಲೆಯಲ್ಲಿ ನಡುಬೀದಿಗೆ ಇಳಿದು ಹೋದರು.

ಬೇಕರಿಯವನಿಗೆ ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ತನ್ನ ಮಾತೇ ಮೂಲವೆಂದು ಅವನಿಗೆ ಗೊತ್ತಿತ್ತು. "ಬಾ ಮಗಾ," ಎಂದ. "ತಮಾಷೆಗಲ್ಲ, ನಿಜವಾಗಿ ಹೇಳ್ತೀನಿ. ಇವತ್ತು ನನ್ನ ತಲೆ ನೀನೇ ಮಾಡು. ನಿಮ್ಮಪ್ಪನೂ ಬೇಡ ಅನ್ನಲ್ಲ. ಅಲ್ವಾ ಅಣ್ಣಾ?"

ಅಂಗಡಿಯವನು ಬೇಡ ಎನ್ನಲಿಲ್ಲ. ಮೆಷೀನನ್ನು ಮಗಳ ಕಡೆಗೆ ಚಾಚಿದ. ಅದು ಅವನ ಕೈಯಲ್ಲಿ ಅದುರುತ್ತಿತ್ತು. ಮುಚ್ಚಿಡಲು ಅವನು ನೋಡಲೂ ಇಲ್ಲ.

ಅವಳು ಕುರ್ಚಿಯಿಂದ ಇಳಿದಳು. ಹೊದ್ದ ಬಟ್ಟೆಯನ್ನು ಬಿಚ್ಚಿ, ಗಿರಾಕಿಯ ಮೇಲೆ ಕೂದಲು ಬೀಳದ ಹಾಗೆ ಪಕ್ಕಕ್ಕೆ ತಿರುಗಿ ಒದರಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು. ಬಹಳ ಕಾಲ ಆ ಕೆಲಸ ಮಾಡಿದವರ ಹಾಗೆ.

"ನಾನು ನಾಯಿಗೆ ಮಾತ್ರ ಮಾಡೋದಣ್ಣಾ," ಎಂದಳು.

ಒಳಗೆ ಹೋದಳು. ಕಂಬಳಿ ಗೊಂಡೆಯ ಬಾಲವನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಹಿಂದೆಯೇ ಹೋಯಿತು. ಚಿಲಕ ಬಿದ್ದ ಸದ್ದು ಕೇಳಿಸಿತು.

ಅಂಗಡಿಯವನು ಮೆಷೀನು ಕೆಳಗಿಟ್ಟು, ಮೂಲೆಯಿಂದ ಪೊರಕೆ ತಂದು ಗುಡಿಸತೊಡಗಿದ. ಮೇಷ್ಟರ ಬಿಳಿ ಕೂದಲು, ನಾಯಿಯಿಂದ ಉದುರಿದ ಕಂದು, ಬೆಳಗಿನ ಯಾರು ಯಾರದೋ ತುಣುಕುಗಳು ಎಲ್ಲ ಒಂದೇ ಗುಡ್ಡೆಗೆ ಬಂದವು. ಜಡೆಯ ತುದಿಗೆ ರಬ್ಬರ್ ಬ್ಯಾಂಡು ಇನ್ನೂ ಇತ್ತು. ಬೆಳಿಗ್ಗೆ ಅವನೇ ಹಾಕಿದ್ದು. ಜಡೆ ಭಾರ, ಪೊರಕೆಗೆ ಸುಲಭವಾಗಿ ಸರಿಯುತ್ತಿರಲಿಲ್ಲ. ಅವನು ಬಗ್ಗಿ ಎತ್ತಲಿಲ್ಲ. ತಳ್ಳುತ್ತ, ತಳ್ಳುತ್ತ, ಬೆಂಚಿನ ತನಕ ತಂದ.

ಬೇಕರಿಯವನು ಪೇಪರನ್ನು ಮುಖಕ್ಕೆ ಹಿಡಿದು ಕೂತಿದ್ದ. ಪೊರಕೆ ಹತ್ತಿರ ಬಂದದ್ದು ತಿಳಿದು, ಪೇಪರು ಇಳಿಸದೆಯೇ, ಎರಡು ಕಾಲನ್ನೂ ಮೇಲಕ್ಕೆತ್ತಿ ದಾರಿ ಬಿಟ್ಟ.