ನೆಗೆಟಿವ್‌ನ ಕರಿ ಚುಕ್ಕೆ

ಗದಗಿನಿಂದ ಬಂದ ಸಿದ್ದಾರೂಢನಿಗೆ ಬಿಳೇಕಹಳ್ಳಿಯ ಕೆರೆ ದೂರದಿಂದಲೇ ಚೆಂದ. ಟೆರೇಸಿನ ಬಾಡಿಗೆ ಕೋಣೆಯ ಮುಂದೆ ಕ್ಯಾಮೆರಾ ಹಿಡಿದು ನಿಂತರೆ ಆಚೆ ದಡದಲ್ಲಿ ಬಟ್ಟೆ ಬಿಳುಪು ಮಾಡುವ ಕಾರ್ಖಾನೆ, ಅದರ ಚಿಮಣಿ, ನೀರಿನ ಮೇಲೆ ಗುಡ್ಡೆ ಗುಡ್ಡೆ ನೊರೆ. ಹತ್ತಿರ ಹೋದರೆ ಮಾತ್ರ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಹಾಗಾಗಿ ಮಹಾಶಯ ಹತ್ತಿರ ಹೋಗುತ್ತಲೇ ಇರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಕೆಳಗಿನ ಮನೆಯ ಓನರಮ್ಮ ಮುನಿವೆಂಕಟಮ್ಮ ಅವನನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು. ಕಾರ್ಖಾನೆಯವರು ಕಾಂಪೌಂಡು ಮುಂದಕ್ಕೆ ತರುತ್ತಿದ್ದಾರೆ, ದಡದ ಗಂಗಮ್ಮನ ಕಲ್ಲು ಮಣ್ಣಿನಡಿ ಹೋಗುತ್ತದೆ, ಮದುವೆಯಾಗಿ ಬಂದಾಗಿನಿಂದ ಅದಕ್ಕೆ ನೀರು ಹಾಕಿದ್ದೇನೆ, ಪಕ್ಕದಲ್ಲಿ ನಿಂತ ಒಂದೇ ಒಂದು ಫೋಟೊ ತೆಗೆದುಕೊಡು ಎಂದರು. ಇವನು ತನ್ನ ಮೂಗು ಉಳಿಸಿಕೊಳ್ಳುವ ದಾರಿ ಹುಡುಕಿದ. ಭಾನುವಾರ ಬೆಳಿಗ್ಗೆ ಅಲ್ಲಿ ನಿಂತಿರಿ, ನಾನು ಮೇಲಿನಿಂದಲೇ ತೆಗೆಯುತ್ತೇನೆ, ಲೆನ್ಸ್ ಎಲ್ಲವನ್ನೂ ಹತ್ತಿರ ತರುತ್ತದೆ ಎಂದ.

ಭಾನುವಾರ ಚಿಮಣಿಯ ಹೊಗೆಯ ಬಿಂಬ ನೀರಿನಲ್ಲಿ ನೆಟ್ಟಗೆ ಬಿದ್ದಿತ್ತು. ರೋಲಿನಲ್ಲಿ ಉಳಿದಿದ್ದದ್ದು ಒಂದೇ ಫ್ರೇಮು. ಹೊಗೆ ಕಂಡದ್ದೇ ತಡ, ಒತ್ತಿದ. ಮುದುಕಿಯ ನೆನಪು ಸುಳಿಯಲೇ ಇಲ್ಲ. ಕೊಟ್ಟ ಮಾತು ನೀರ ಮೇಲಿನ ಬರಹವಾಯಿತು.

ಅವನು ತಿಲಕ್ ನಗರದ ಸ್ಟುಡಿಯೊ ಒಂದರಲ್ಲಿ ಕಪ್ಪು ಬಿಳುಪು ಫೋಟೊ ತಿದ್ದುವವನು. ಫೋಟೊದಲ್ಲಿ ಬಿಳಿ ಕಲೆಯಾಗಿ ಬರುವುದೆಲ್ಲ ನೆಗೆಟಿವ್‌ನಲ್ಲಿ ಕಪ್ಪಾಗಿರುತ್ತದೆ. ಅಂಥದ್ದನ್ನು ಬ್ಲೇಡಿನ ಮೊನೆಯಿಂದ ಕೆರೆದು ಅಳಿಸುವುದೇ ಅವನ ಅನ್ನ. ಕೆರೆಯ ನೆಗೆಟಿವ್ ಎತ್ತಿ ಹಿಡಿದಾಗ ದಡದಲ್ಲೊಂದು ಕರಿ ಚುಕ್ಕೆ ಕಂಡಿತು. ನೊರೆಯ ತುಣುಕು ಹಾರಿ ಕೂತಿದೆ ಎಂದುಕೊಂಡು ಕೆರೆದು ಹಾಕಿದ. ಜಯನಗರದ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು.

ಸುದ್ದಿ ಕೇಳಿ ಮುನಿವೆಂಕಟಮ್ಮ ಆಟೊ ಹಿಡಿದು ಬಂದೇಬಿಟ್ಟರು. ಗಂಗಮ್ಮನ ಕಲ್ಲು ಮಣ್ಣು ಸೇರಿ ಆಗಲೇ ವಾರವಾಗಿತ್ತು. ಚಿತ್ರದ ಮುಂದೆ ನಿಂತು ಸೆರಗು ಸರಿಮಾಡಿಕೊಂಡರು.

"ಅವತ್ತೂ ಇದೇ ಬಿಳಿ ಸೀರೆ ಉಟ್ಟಿದ್ದೆ, ದೂರಕ್ಕೆ ಎದ್ದು ಕಾಣ್ಲಿ ಅಂತ. ಎಲ್ಲಪ್ಪಾ ಇದೀನಿ ನಾನು?"

ಬಿಳಿ ಸೀರೆ. ಕರಿ ಚುಕ್ಕೆ. ಸಿದ್ದಾರೂಢ ಕೆರೆದದ್ದು ನೊರೆಯನ್ನಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸುವಷ್ಟು ನಾಚಿಕೆಯಾಯಿತು. ನಾಚಿಕೆಯಾದವರೆಲ್ಲ ನಿಜ ಹೇಳುತ್ತಾರೆಯೇ? ಅವನು ತಾನು ಕೆರೆದ ಜಾಗಕ್ಕೇ ಬೆರಳಿಟ್ಟ.

"ಇಲ್ಲೇ ಅದೀರಲ್ರೀ ಅಮ್ಮಾ. ಸಣ್ಣಗ ಬಂದೀರಿ."

ಅವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು. "ಹೂಂ, ಇದೀನಿ. ಗಂಗಮ್ಮನೂ ಅವ್ಳೆ," ಎಂದು ಕೈ ಮುಗಿದರು. ನಿಜವಾಗಿ ಕಂಡಿತೋ, ಹುಡುಗನ ಮುಖ ನೋಡಿ ಹಾಗೆಂದರೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ದೇವರ ಕೋಣೆಗೆ ಒಂದು ಪ್ರತಿ ಕೇಳಿದರು. ಕಟ್ಟು ಹಾಕಿಸಿ ಕೊಟ್ಟ. ಈಗ ದಿನಾ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ಕಾಣುತ್ತದೆ. ಮುನಿವೆಂಕಟಮ್ಮ ಉಂಗುರದ ಬೆರಳಲ್ಲಿ ಕುಂಕುಮ ತೆಗೆದು, ಅವನು ತೋರಿಸಿದ ಆ ಖಾಲಿ ಜಾಗಕ್ಕೇ, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಬೊಟ್ಟಿಡುತ್ತಾರೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಗೇಟು ದಾಟುತ್ತಾನೆ.